ಸಣ್ಣ ಗಾಯಕ್ಕೆ ಹೊಲಿಗೆ ಹಾಕುವ ಮುನ್ನ: ಯಾವ ಲೋಕಲ್, ಎಷ್ಟು, ಹೇಗೆ?

ತಿಂಗಳಿಗೆ ಎರಡು ಸಲವಾದರೂ ಯಾರಾದರೊಬ್ಬ ಹೌಸ್ ಸರ್ಜನ್ (ತರಬೇತಿಯಲ್ಲಿರುವ ಹೊಸ ಡಾಕ್ಟರ್) ಡ್ರೆಸ್ಸಿಂಗ್ ರೂಮಿನಿಂದ ಹೊರಗೆ ಬಂದು ಇದೇ ಮಾತು ಹೇಳುತ್ತಾರೆ. "ಸಾರ್, ಲೋಕಲ್ ಕೊಟ್ಟೆ. ಆದ್ರೂ ಪೇಷೆಂಟ್ ನೋವು ನೋವು ಅಂತ ಕೈ ಎಳ್ಕೊಳ್ತಿದಾರೆ. ಈ ವಯಲ್ಲೇ ಸರಿ ಇಲ್ಲ ಅನ್ಸುತ್ತೆ."

ಲೋಕಲ್ ಅಂದರೆ ಗಾಯದ ಜಾಗವನ್ನಷ್ಟೇ ಮರಗಟ್ಟಿಸುವ ಔಷಧಿ. ಅದರ ವಯಲ್, ಅಂದರೆ ಔಷಧಿಯ ಸೀಸೆ, ಸರಿಯಾಗಿಯೇ ಇರುತ್ತದೆ. ಕೊಟ್ಟು ಒಂದು ನಿಮಿಷ ಆಗುವ ಮೊದಲೇ ಹೊಲಿಯಲು ಶುರು ಮಾಡಿರುತ್ತಾರೆ. ಇಲ್ಲವೇ ಬೆರಳಿಗೆ ಬುಡದಲ್ಲಿ ಕೊಡುವ ಬದಲು ಗಾಯದ ಸುತ್ತ ಚುಚ್ಚಿ ಬೆರಳನ್ನು ಬದನೆಕಾಯಿ ಮಾಡಿರುತ್ತಾರೆ. ಔಷಧಿಯ ಆಯ್ಕೆ ತಪ್ಪಿ ಕೆಟ್ಟದ್ದಕ್ಕಿಂತ ಕೆಲಸದ ಕ್ರಮ ತಪ್ಪಿ ಕೆಟ್ಟದ್ದೇ ಜಾಸ್ತಿ. ಹಾಗಾಗಿ ಇಲ್ಲಿ ಔಷಧಿಗಳ ಹೋಲಿಕೆಯನ್ನು ಆ ಕ್ರಮದ ಒಳಗೇ ಇಟ್ಟು ಬರೆದಿದ್ದೇನೆ.

ಇದು ಹೌಸ್ ಸರ್ಜನ್‌ಗಳಿಗೆ, ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಒಬ್ಬರೇ ಡ್ಯೂಟಿ ಮಾಡುವ ಡಾಕ್ಟರಿಗೆ, ಅವರ ಜೊತೆ ನಿಲ್ಲುವ ನರ್ಸಿಂಗ್ ಆಫೀಸರ್‌ಗಳಿಗೆ. ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಗಾಯ ಆದವರು ನೀವೇ ಆಗಿದ್ದರೆ ನಲ್ಲಿ ನೀರಲ್ಲಿ ಚೆನ್ನಾಗಿ ತೊಳೆದು, ಶುದ್ಧ ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ಬನ್ನಿ. ಕಾಫಿ ಪುಡಿ, ಅರಿಶಿನ ತುಂಬಬೇಡಿ. ಅದನ್ನು ಕೆರೆದು ತೆಗೆಯುವಾಗಲೇ ನಿಮಗೆ ಜಾಸ್ತಿ ನೋವಾಗುವುದು.

ಹಂತ 1: ಸಿರಿಂಜ್ ಮುಟ್ಟುವ ಮೊದಲು ಗಾಯ ನೋಡಿ

ಲೋಕಲ್ ಕೊಟ್ಟ ಮೇಲೆ ಸ್ಪರ್ಶ ಇದೆಯಾ ಇಲ್ಲವಾ ಅಂತ ನೋಡಿದರೆ ಏನು ಗೊತ್ತಾಗುತ್ತದೆ? ಮೊದಲೇ ನೋಡಿ, ಮೊದಲೇ ಬರೆದಿಡಿ. ಬೆರಳಾದರೆ ಎರಡೂ ಪಕ್ಕ ಹತ್ತಿಯಿಂದ ಸವರಿ ಕೇಳಿ. ಪ್ರತಿ ಗೆಣ್ಣನ್ನೂ ಮಡಚಿಸಿ, ಚಾಚಿಸಿ. ಉಗುರು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಕೆಂಪಾಗಬೇಕು.

ನಾನು ಹೌಸ್ ಸರ್ಜನ್ ಆಗಿದ್ದಾಗ ಒಬ್ಬ ಅಮ್ಮ ಈಳಿಗೆ ಮಣೆಯಲ್ಲಿ ಹಲಸಿನಕಾಯಿ ಹೆಚ್ಚುವಾಗ ತೋರುಬೆರಳು ಸೀಳಿಕೊಂಡು ಬಂದಿದ್ದರು. ರಕ್ತ ನೋಡಿದ್ದೇ ತಡ, ಲೋಕಲ್ ಕೊಟ್ಟು ಅಂದವಾಗಿ ನಾಲ್ಕು ಹೊಲಿಗೆ ಹಾಕಿದೆ. ಮೂರನೇ ದಿನ ಡ್ರೆಸ್ಸಿಂಗ್‌ಗೆ ಬಂದವರು, "ಸಾರ್, ಬೆರಳಿನ ಒಂದು ಪಕ್ಕ ಇನ್ನೂ ಜೋಮು ಬಿಟ್ಟಿಲ್ಲ" ಅಂದರು. ನರ ಕತ್ತರಿಸಿತ್ತು. ಈಳಿಗೆ ಕತ್ತರಿಸಿತ್ತೋ ನನ್ನ ಸೂಜಿಯೋ ಅಂತ ಕೇಳಿದ್ದರೆ ತೋರಿಸಲು ನನ್ನ ಚೀಟಿಯಲ್ಲಿ ಒಂದು ಸಾಲೂ ಇರಲಿಲ್ಲ.

ಇನ್ನೊಂದು ಪ್ರಶ್ನೆ: ಹೊಲಿಗೆ ಬೇಕೇ ಬೇಕಾ? ಅಂಚುಗಳು ತಾವಾಗಿಯೇ ಕೂಡುವ ಸಣ್ಣ ಗಾಯಕ್ಕೆ ಅಂಟುಪಟ್ಟಿ ಸಾಕು, ಚರ್ಮದ ಗ್ಲೂ ಸಾಕು. ತಲೆಯ ಸಣ್ಣ ಸೀಳಿಗೆ ಎರಡೂ ಕಡೆಯ ಕೂದಲನ್ನು ಹೆಣೆದು ತುದಿಗೆ ಗ್ಲೂ ಹಾಕಿದರೂ ನಡೆಯುತ್ತದೆ. ಆಗ ಲೋಕಲ್ಲಿನ ಮಾತೇ ಇಲ್ಲ.

ನಾಯಿ, ಬೆಕ್ಕು, ಮಂಗ ಕಚ್ಚಿದ್ದರೆ ಇಲ್ಲಿಗೇ ನಿಲ್ಲಿ. ಅಲ್ಲಿ ಮೊದಲ ಕೆಲಸ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯುವುದು. ಆಮೇಲೆ ರೇಬೀಸ್ ಲಸಿಕೆ, ಬೇಕಿದ್ದರೆ ಗಾಯದೊಳಗೆ ಇಮ್ಯುನೋಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯ). ಆ ಗಾಯವನ್ನು ಅಭ್ಯಾಸಬಲದಿಂದ ಹೊಲಿಯಬಾರದು.

ಹಂತ 2: ನಾಲ್ಕು ಪ್ರಶ್ನೆ ಕೇಳಿ

ತೂಕ ಎಷ್ಟು? ಹೃದಯದ ತೊಂದರೆ, ಫಿಟ್ಸ್, ಲಿವರ್ ತೊಂದರೆ ಇದೆಯಾ? ಯಾವ ಮಾತ್ರೆ ತಗೊಳ್ತೀರಿ? ಹಿಂದೆ ಹಲ್ಲು ಕೀಳಿಸುವಾಗ ಇಂಜೆಕ್ಷನ್ ತಗೊಂಡು ಏನಾದರೂ ಆಗಿತ್ತಾ?

ಕೊನೆಯ ಪ್ರಶ್ನೆಗೆ "ಹೌದು, ಅಲರ್ಜಿ" ಅಂದರೆ ಹೆದರಬೇಡಿ, ಬಿಡಿಸಿ ಕೇಳಿ. ಎದೆ ಡವಡವ ಅಂದಿತು, ಕೈ ನಡುಗಿತು ಅಂದರೆ ಅದು ಬಹುಪಾಲು ಲೋಕಲ್ಲಿಗೆ ಸೇರಿಸಿದ ಅಡ್ರಿನಲಿನ್ ಕೆಲಸ. ಕಣ್ಣು ಕತ್ತಲೆ ಬಂದು ಕುಸಿದೆ ಅಂದರೆ ಹೆದರಿಕೆಯ ತಲೆಸುತ್ತು. ಮೈಯೆಲ್ಲ ದದ್ದು ಎದ್ದಿತು, ತುಟಿ ಊದಿತು, ಉಸಿರು ಕಟ್ಟಿತು ಅಂದರೆ ಮಾತ್ರ ಅಲರ್ಜಿ ಅಂತ ನೋಡಬೇಕು. ನಾವು ಹೆಚ್ಚಾಗಿ ಬಳಸುವ ಲೋಕಲ್ ಆದ ಲಿಗ್ನೋಕೇನ್‌ಗೆ ನಿಜವಾದ ಅಲರ್ಜಿ ಬಹಳ ಅಪರೂಪ. ಎಷ್ಟೋ ಸಲ ವಯಲ್ಲಿನಲ್ಲಿ ಸೇರಿಸಿರುವ ಮೀಥೈಲ್ ಪ್ಯಾರಬೆನ್ ಎಂಬ ಸಂರಕ್ಷಕ ಕಾರಣ ಆಗಿರುತ್ತದೆ. ಆದರೂ ಉಸಿರಿನ ತೊಂದರೆ ಆಗಿದ್ದವರ ಮೇಲೆ ಪ್ರಯೋಗ ಬೇಡ. ಪಟ್ಟಿ, ಗ್ಲೂನಲ್ಲಿ ಮುಗಿಯುತ್ತದಾ ನೋಡಿ, ಇಲ್ಲದಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸಿ.

ಹಂತ 3: ಟ್ರೇ ಜೋಡಿಸಿಕೊಳ್ಳಿ

5 ಸಿಸಿ ಸಿರಿಂಜ್ (ಸಿಸಿ, ಮಿಲಿ ಎರಡೂ ಒಂದೇ). ಔಷಧಿ ಎಳೆಯಲು ಒಂದು ದಪ್ಪ ಸೂಜಿ, ಚುಚ್ಚಲು ಬೇರೆ ಸಣ್ಣ ಸೂಜಿ. ರಬ್ಬರ್ ಮುಚ್ಚಳ ತೂರಿದ ಸೂಜಿ ಮೊಂಡಾಗಿರುತ್ತದೆ, ಅದರಲ್ಲೇ ಚುಚ್ಚಬೇಡಿ. ನಮ್ಮಲ್ಲಿ ಎಲ್ಲೆಡೆ ಸಿಗುವುದು ಕಂದು ಬುಡದ ಅರ್ಧ ಇಂಚಿನ 26 ಗೇಜ್. ಅದಕ್ಕಿಂತ ಸಣ್ಣದಾದ 27 ಅಥವಾ 30 ಸಿಕ್ಕರೆ ಇನ್ನೂ ಒಳ್ಳೆಯದು. ಮಗುವಿನ ಮುಖಕ್ಕೆ ನಾನು ಇನ್ಸುಲಿನ್ ಸಿರಿಂಜನ್ನೇ ಬಳಸುತ್ತೇನೆ. ಒಂದು ಎಚ್ಚರ: 40 ಯೂನಿಟ್ ಗುರುತಿನ ಸಿರಿಂಜಿನಲ್ಲಿ 40 ಗೆರೆ ಅಂದರೆ 1 ಸಿಸಿ. ಲೆಕ್ಕ ತಪ್ಪಬೇಡಿ.

ಸಲೈನ್, ಗಡಿಯಾರ, ಆಕ್ಸಿಜನ್, ಅಂಬು ಬ್ಯಾಗ್ (ಒತ್ತಿ ಉಸಿರು ಕೊಡುವ ಚೀಲ) ಹತ್ತಿರ ಇರಲಿ. ರೋಗಿಯನ್ನು ಮಲಗಿಸಿ. "ಕೂತೇ ಇರ್ತೀನಿ ಡಾಕ್ಟ್ರೇ, ಏನೂ ಆಗಲ್ಲ" ಅನ್ನುವ ಗಟ್ಟಿಮುಟ್ಟಾದ ಆಳುಗಳೇ ಮೊದಲು ಕೆಳಗೆ ಬೀಳುವುದು.

ಹಂತ 4: ಔಷಧಿ ಆರಿಸಿ

ಸಾದಾ ಲಿಗ್ನೋಕೇನ್. ಮಾತಿನಲ್ಲಿ "ಜೈಲೋ". ಬಹುತೇಕ ಕಡೆ 2 ಪರ್ಸೆಂಟಿನ 30 ಮಿಲಿ ವಯಲ್ ಇರುತ್ತದೆ. ಎರಡರಿಂದ ಐದು ನಿಮಿಷದಲ್ಲಿ ಹಿಡಿಯುತ್ತದೆ, ಅರ್ಧ ಗಂಟೆಯಿಂದ ಒಂದು ಗಂಟೆ ನಿಲ್ಲುತ್ತದೆ. ಹತ್ತರಲ್ಲಿ ಎಂಟು ಗಾಯಕ್ಕೆ ಇದೇ ಸಾಕು. ಯಾವುದು ಅಂತ ಗೊಂದಲ ಆದರೆ ಇದನ್ನೇ ಹಿಡಿಯಿರಿ. ಗರ್ಭಿಣಿಯರಿಗೂ ಕೊಡಬಹುದು.

ಅಡ್ರಿನಲಿನ್ ಸೇರಿದ ಲಿಗ್ನೋಕೇನ್. ರಕ್ತನಾಳ ಕುಗ್ಗುವುದರಿಂದ ರಕ್ತ ಕಡಿಮೆ, ಔಷಧಿ ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ, ಎರಡು ಗಂಟೆಗಿಂತ ಹೆಚ್ಚೂ ಬರಬಹುದು. ತಲೆ, ಮುಖದಂಥ ರಕ್ತ ಸುರಿಯುವ ಜಾಗಕ್ಕೆ ಇದು ವರ. ಆದರೆ ಚರ್ಮ ಬೆಳ್ಳಗಾಗಲು ಏಳೆಂಟು ನಿಮಿಷ ಬೇಕು. ತೀರಾ ಏರಿದ ಬಿಪಿ, ಹೃದಯದ ಕಾಯಿಲೆ, ಹತೋಟಿಯಲ್ಲಿಲ್ಲದ ಥೈರಾಯ್ಡ್ ಇದ್ದವರಿಗೆ ಬೇಡ. ಸಣ್ಣ ಬುಡದಲ್ಲಿ ಜೋತು ಬಿದ್ದಿರುವ ಚರ್ಮದ ತುಂಡಿಗೂ ಬೇಡ, ಅದು ಮೊದಲೇ ರಕ್ತಕ್ಕೆ ಪರದಾಡುತ್ತಿರುತ್ತದೆ.

ಬೆರಳಿಗೆ ಅಡ್ರಿನಲಿನ್ ಕೊಟ್ಟರೆ ಬೆರಳೇ ಹೋಗುತ್ತದೆ ಎಂದು ನಮಗೆಲ್ಲ ಹೇಳಿಕೊಟ್ಟಿದ್ದರು. ಆರೋಗ್ಯವಂತರಲ್ಲಿ ಈಗ ಸಿಗುವ ತೆಳು ಮಿಶ್ರಣದಿಂದ ಹಾಗಾಗುವುದಿಲ್ಲ, ಕೈ ಸರ್ಜನ್‌ಗಳು ದಿನಾ ಕೊಡುತ್ತಾರೆ. ಆದರೆ ರಾತ್ರಿ ಎರಡು ಗಂಟೆಗೆ, ಮೂವತ್ತು ವರ್ಷ ಬೀಡಿ ಸೇದಿದ, ಶುಗರ್ ಇರುವ ಅಜ್ಜನ ತಣ್ಣಗಿನ ಬೆರಳು ಮುಂದೆ ಇದ್ದಾಗ ಆ ವಾದ ಬೇಡ. ಸಾದಾ ಲಿಗ್ನೋಕೇನ್ ಇದೆಯಲ್ವಾ.

ಇನ್ನೊಂದು. 1:2,00,000 ಅಂತ ಬರೆದಿರುವ ಸಿದ್ಧ ವಯಲ್ ಮಾತ್ರ ಬಳಸಿ. ಅದರಲ್ಲಿ ಒಂದು ಮಿಲಿಗೆ 5 ಮೈಕ್ರೋಗ್ರಾಂ ಅಡ್ರಿನಲಿನ್ ಇರುತ್ತದೆ. ಎಮರ್ಜೆನ್ಸಿ ಟ್ರೇಯ ಅಡ್ರಿನಲಿನ್ ಆಂಪೂಲಿನಲ್ಲಿ (ತುದಿ ಒಡೆದು ಬಳಸುವ ಸಣ್ಣ ಗಾಜಿನ ಸೀಸೆ) ಒಂದು ಮಿಲಿಗೆ 1 ಮಿಲಿಗ್ರಾಂ, ಅಂದರೆ 200 ಪಟ್ಟು. ಅದನ್ನು ಅಂದಾಜಿನಲ್ಲಿ ಬೆರೆಸಲು ಹೋಗಬೇಡಿ.

ಬ್ಯುಪಿವಕೇನ್. ಹಿಡಿಯಲು ಐದರಿಂದ ಹತ್ತು ನಿಮಿಷ, ನಿಲ್ಲುವುದು ಮೂರ್ನಾಲ್ಕು ಗಂಟೆ ಅಥವಾ ಹೆಚ್ಚು. ತೊಳೆದು, ಕೊಳೆ ಕೆರೆದು, ಹೊಲಿಯಲು ಗಂಟೆಗಟ್ಟಲೆ ಹಿಡಿಯುವ ಗಾಯಕ್ಕೆ ಇಷ್ಟವಾಗುತ್ತದೆ. ನಡುವೆ ಬೇರೆ ಎಮರ್ಜೆನ್ಸಿಗೆ ಎದ್ದು ಹೋಗಬೇಕಾದ ಡ್ಯೂಟಿ ಡಾಕ್ಟರಿಗೂ ಅನುಕೂಲ. ಕೆಟ್ಟ ಗುಣ ಅಂದರೆ ತಪ್ಪಿ ರಕ್ತನಾಳಕ್ಕೆ ಹೋದರೆ ಹೃದಯಕ್ಕೆ ಲಿಗ್ನೋಕೇನ್‌ಗಿಂತ ಹೆಚ್ಚು ಪೆಟ್ಟು ಕೊಡುತ್ತದೆ. ಸಣ್ಣ ಮಕ್ಕಳ ತುಟಿ, ಬೆರಳಿಗೆ ನಾನಂತೂ ಕೊಡುವುದಿಲ್ಲ. ಗಂಟೆಗಟ್ಟಲೆ ಮರಗಟ್ಟಿದ ತುಟಿಯನ್ನು ಮಗು ಸುಮ್ನೆ ಬಿಡುತ್ತಾ? ಕಚ್ಚಿಕೊಳ್ಳುತ್ತದೆ. "ಹೆವಿ" ಅಂತ ಬರೆದಿರುವ ಆಂಪೂಲ್ ಬೆನ್ನಿನ ಅನೆಸ್ತೇಷಿಯಾದ್ದು. ಗಾಯಕ್ಕೆ ಅಲ್ಲ.

ಹಚ್ಚುವ ಔಷಧಿಗಳು. ಇಲ್ಲಿ ಎಡವುವವರು ಬಹಳ. ಲಿಗ್ನೋಕೇನ್, ಪ್ರಿಲೋಕೇನ್ ಎರಡೂ 2.5 ಪರ್ಸೆಂಟ್ ಇರುವ ಕ್ರೀಮ್ ಗಾಯವಾಗದ ಚರ್ಮಕ್ಕೆ ಮಾಡಿದ್ದು. ಹಚ್ಚಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಮುಚ್ಚಿ, ಒಂದು ಗಂಟೆ ಕಾಯಬೇಕು. ಡ್ರಿಪ್ ಸೂಜಿ ಹಾಕುವ ಮುನ್ನ ಒಳ್ಳೆಯದು, ತೆರೆದ ಗಾಯಕ್ಕೆ ಅಲ್ಲ. ಎಳೆ ಕೂಸುಗಳಲ್ಲಿ ಪ್ರಿಲೋಕೇನ್ ಜಾಸ್ತಿಯಾದರೆ ರಕ್ತದ ಆಕ್ಸಿಜನ್ ಹೊರುವ ಶಕ್ತಿಯೇ ಕೆಡುತ್ತದೆ, ತುಟಿ ನೀಲಿಬೂದಿ ಆಗುತ್ತದೆ.

ತೆರೆದ ಗಾಯಕ್ಕೇ ಹಾಕುವಂಥದ್ದು ಬೇರೆ ಇದೆ: ಲಿಗ್ನೋಕೇನ್ 4 ಪರ್ಸೆಂಟ್, ಅಡ್ರಿನಲಿನ್ 0.1, ಟೆಟ್ರಕೇನ್ 0.5 ಸೇರಿಸಿದ ಎಲ್‌ಇಟಿ. ಹತ್ತಿಯಲ್ಲಿ ಅದ್ದಿ ಗಾಯದ ಮೇಲೆ 20ರಿಂದ 30 ನಿಮಿಷ ಇಟ್ಟರೆ ಸುತ್ತ ಬೆಳ್ಳಗಾಗುತ್ತದೆ. ಮಕ್ಕಳ ಮುಖ, ತಲೆಯ ಗಾಯಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಅಮೆರಿಕದಲ್ಲಿ ಮಕ್ಕಳ ಎಮರ್ಜೆನ್ಸಿಯಲ್ಲಿ ಕೆಲಸ ಮಾಡುವ ನಮ್ಮವರಿಗೆ ಇದು ಮಾಮೂಲಿ. ನಮ್ಮ ತಾಲೂಕು ಆಸ್ಪತ್ರೆಯ ಕಪಾಟಿನಲ್ಲಿ ಇದನ್ನು ನಾನು ಕಂಡಿಲ್ಲ. ಇಲ್ಲದಿದ್ದಾಗ ನಾನು ಮಾಡುವುದು ಇಷ್ಟು: ಚುಚ್ಚುವ ಮುನ್ನ ಲಿಗ್ನೋಕೇನ್ ಇಂಜೆಕ್ಷನ್ನನ್ನೇ ಗಾಯದೊಳಗೆ ನಾಲ್ಕು ಹನಿ ಬಿಟ್ಟು ಸ್ವಲ್ಪ ಕಾಯುತ್ತೇನೆ. ಸೂಜಿಯ ಮೊದಲ ಉರಿ ಕಡಿಮೆಯಾಗುತ್ತದೆ. ಆ ಹನಿಗಳೂ ಒಟ್ಟು ಡೋಸಿನ ಲೆಕ್ಕಕ್ಕೆ ಸೇರುತ್ತವೆ.

ಲಿಗ್ನೋಕೇನ್ ಅಂತ ಹೆಸರಿದ್ದದ್ದೆಲ್ಲ ಚುಚ್ಚುವಂಥದ್ದಲ್ಲ. 4 ಪರ್ಸೆಂಟ್ ದ್ರಾವಣ, 10 ಪರ್ಸೆಂಟ್ ಸ್ಪ್ರೇ, ಜೆಲ್ಲಿ ಎಲ್ಲವೂ ಅದೇ ಕಪಾಟಿನಲ್ಲಿರುತ್ತವೆ. ಲೇಬಲ್ ಓದಿ, ಸಿಸ್ಟರ್‌ಗೂ ಜೋರಾಗಿ ಓದಿ ಹೇಳಿ, ಆಮೇಲೆ ಎಳೆಯಿರಿ.

ಹಂತ 5: ಡೋಸ್ ಲೆಕ್ಕ ಹಾಕಿ, ಗೋಡೆಗೆ ಅಂಟಿಸಿ

ಪರ್ಸೆಂಟನ್ನು ಹತ್ತರಿಂದ ಗುಣಿಸಿದರೆ ಒಂದು ಸಿಸಿಯಲ್ಲಿ ಎಷ್ಟು ಮಿಲಿಗ್ರಾಂ ಅಂತ ಸಿಗುತ್ತದೆ. 2 ಪರ್ಸೆಂಟ್ ಅಂದರೆ 20, 1 ಪರ್ಸೆಂಟ್ ಅಂದರೆ 10, 0.5 ಅಂದರೆ 5.

ಸಾದಾ ಲಿಗ್ನೋಕೇನ್ ಕೇಜಿಗೆ 4.5 ಮಿಗ್ರಾಂ, ಒಟ್ಟು 300 ಮೀರಬಾರದು. ಅಡ್ರಿನಲಿನ್ ಸೇರಿದ್ದರೆ ಕೇಜಿಗೆ 7, ಒಟ್ಟು 500 ಮೀರಬಾರದು. ಬ್ಯುಪಿವಕೇನ್ ಕೇಜಿಗೆ 2. ಸಾದಾ ಲಿಗ್ನೋಕೇನ್‌ಗೆ ಕೇಜಿಗೆ 3 ಎಂದೇ ಮಿತಿ ಹಾಕುವವರೂ ಇದ್ದಾರೆ. ಮಕ್ಕಳಿಗೆ, ವಯಸ್ಸಾದವರಿಗೆ, ಲಿವರ್ ಕೆಟ್ಟವರಿಗೆ ನಾನೂ 3 ದಾಟುವುದಿಲ್ಲ.

50 ಕೇಜಿಯ ಹೆಂಗಸಿಗೆ ಸಾದಾ 2 ಪರ್ಸೆಂಟ್ 11 ಸಿಸಿವರೆಗೆ ನಡೆಯುತ್ತದೆ, ಯೋಚನೆ ಇಲ್ಲ. ಈಗ 12 ಕೇಜಿಯ ಮಗು ತಗೊಳ್ಳಿ. 12 ಗುಣಿಸು 3, 36 ಮಿಗ್ರಾಂ. 2 ಪರ್ಸೆಂಟಿನಲ್ಲಿ ಅದು ಬರೀ 1.8 ಸಿಸಿ. ಕೈಯಲ್ಲಿ 5 ಸಿಸಿ ತುಂಬಿದ ಸಿರಿಂಜ್ ಹಿಡಿದು ಆ ಮಗುವಿನ ಹಣೆ ಮುಂದೆ ನಿಂತಿದ್ದೀರಿ ಅಂದರೆ ಅಪಾಯ ಆಗಲೇ ನಿಮ್ಮ ಕೈಯಲ್ಲಿದೆ. ಪರಿಹಾರ ಸುಲಭ. 2 ಪರ್ಸೆಂಟಿಗೆ ಅಷ್ಟೇ ಸಲೈನ್ ಸೇರಿಸಿ 1 ಪರ್ಸೆಂಟ್ ಮಾಡಿ. ಚರ್ಮ ಮರಗಟ್ಟಲು ಅಷ್ಟು ಸಾಕು. 1.8 ಸಿಸಿ ಇದ್ದದ್ದು 3.6 ಸಿಸಿ ಆಯಿತು. ಹರಡಲು ಧಾರಾಳ.

ಲಿಗ್ನೋಕೇನ್ ಮಿತಿ ಮುಗಿಯಿತು, ಇನ್ನು ಬ್ಯುಪಿವಕೇನ್ ಮಿತಿ ಶುರು ಅಂತ ಎಣಿಸಬೇಡಿ. ಎರಡರ ವಿಷವೂ ಒಂದರ ಮೇಲೊಂದು ಕೂಡುತ್ತದೆ.

ಹಂತ 6: ಉರಿ ಕಡಿಮೆ ಮಾಡಿ

ಲಿಗ್ನೋಕೇನ್ ಹುಳಿ ಗುಣದ್ದು, ಅಡ್ರಿನಲಿನ್ ಸೇರಿದ್ದು ಇನ್ನೂ ಹುಳಿ. ಗಾಯದೊಳಗೆ ಹೋದಾಗ ಹಸಿ ಮೆಣಸಿನಕಾಯಿ ತಗುಲಿದ ಹಾಗೆ ಉರಿಯುತ್ತದೆ. 1 ಪರ್ಸೆಂಟ್ ಲಿಗ್ನೋಕೇನ್ 9 ಸಿಸಿಗೆ ಸೋಡಿಯಂ ಬೈಕಾರ್ಬನೇಟ್ ಇಂಜೆಕ್ಷನ್ 1 ಸಿಸಿ ಸೇರಿಸಿದರೆ ಉರಿ ಚೆನ್ನಾಗಿ ಇಳಿಯುತ್ತದೆ. ಆಗಲೇ ಬೆರೆಸಿ, ಆಗಲೇ ಬಳಸಿ, ಉಳಿದದ್ದು ಚೆಲ್ಲಿ. ಬ್ಯುಪಿವಕೇನ್‌ಗೆ ಇದನ್ನು ಸೇರಿಸಬೇಡಿ, ಮಜ್ಜಿಗೆ ನೀರಿನ ಹಾಗೆ ಕದಡುತ್ತದೆ. ಕದಡಿದ್ದನ್ನು ಚುಚ್ಚಬಾರದು.

ಸಿರಿಂಜನ್ನು ಎರಡು ನಿಮಿಷ ಅಂಗೈಯಲ್ಲಿ ಮುಚ್ಚಿ ಹಿಡಿದು ಬೆಚ್ಚಗೆ ಮಾಡಿದರೂ ವ್ಯತ್ಯಾಸ ಕಾಣುತ್ತದೆ. ಫ್ರಿಜ್ಜಿನಿಂದ ನೇರ ತೆಗೆದು ಚುಚ್ಚುವವರನ್ನು ನೋಡಿದ್ದೇನೆ.

ಹಂತ 7: ಚುಚ್ಚುವ ಕ್ರಮ

ಸೂಜಿಯನ್ನು ಪಕ್ಕದ ಗಟ್ಟಿ ಚರ್ಮಕ್ಕೆ ಚುಚ್ಚಬೇಡಿ. ಗಾಯದ ಬಾಯೊಳಗಿಂದ, ಚರ್ಮದ ಕೆಳಗಿನ ಹಳದಿ ಕೊಬ್ಬಿನ ಪದರಕ್ಕೆ ತೂರಿಸಿ. ನೋವು ತುಂಬಾ ಕಡಿಮೆ. ಸಗಣಿ, ಗದ್ದೆ ಕೆಸರು ತುಂಬಿದ ಗಾಯವಾದರೆ ಮಾತ್ರ ಹೊರಗಿನ ಶುದ್ಧ ಚರ್ಮದಿಂದ ಹೋಗಿ.

ಸಿರಿಂಜ್ ಹಿಂದಕ್ಕೆ ಎಳೆದು ರಕ್ತ ಬರುವುದಿಲ್ಲ ಅಂತ ನೋಡಿ. ಮೊದಲು ಒಂದು ಹನಿಯಷ್ಟು ಬಿಟ್ಟು ಹತ್ತು ಸೆಕೆಂಡ್ ನಿಲ್ಲಿ. ಆಮೇಲೆ ನಿಧಾನಕ್ಕೆ ಒತ್ತುತ್ತ, ಸೂಜಿ ಹಿಂದಕ್ಕೆ ತರುತ್ತ ಬಿಡಿ. ನಿಧಾನ ಅಂದರೆ ಒಂದು ಸಿಸಿಗೆ ಅರ್ಧ ನಿಮಿಷ. ಗಾಯದ ಒಂದು ತುದಿಯಲ್ಲಿ ಶುರು ಮಾಡಿದರೆ ಮುಂದಿನ ಚುಚ್ಚು ಆಗಲೇ ಮರಗಟ್ಟಿದ ಜಾಗದಲ್ಲೇ ಬೀಳಲಿ. ಹೀಗೆ ಮಾಡಿದರೆ ರೋಗಿಗೆ ಒಂದೇ ಚುಚ್ಚು ಗೊತ್ತಾಗುವುದು.

ಜೊತೆಗೆ ಇನ್ನೊಂದು ಕೈಯಲ್ಲಿ ಪಕ್ಕದ ಚರ್ಮ ಚಿವುಟಿ ಅಲುಗಿಸುತ್ತಿರಿ, ಮಾತಾಡಿಸುತ್ತಿರಿ. "ಯಾವೂರು? ಮಳೆ ಹೆಂಗಿದೆ?" ಸಾಕು. "ಸ್ವಲ್ಪ ನೋವಾಗುತ್ತೆ, ಅಲ್ಲಾಡಬೇಡಿ" ಅಂತ ಗದರಿದರೆ ಎರಡು ಪಟ್ಟು ನೋವಾಗುತ್ತದೆ.

ಹಂತ 8: ಕಾಯಿರಿ

ಎಲ್ಲರೂ ಹಾರಿಸುವ ಹಂತ ಇದೇ. ಸಾದಾ ಲಿಗ್ನೋಕೇನ್‌ಗೆ ಐದು ನಿಮಿಷ, ಅಡ್ರಿನಲಿನ್ ಸೇರಿದ್ದರೆ ಏಳರಿಂದ ಹತ್ತು, ಬ್ಯುಪಿವಕೇನ್‌ಗೆ ಹತ್ತು, ಬೆರಳಿನ ಬುಡದ ಬ್ಲಾಕಿಗೂ (ನರದ ಹತ್ತಿರ ಔಷಧಿ ಬಿಟ್ಟು ಮರಗಟ್ಟಿಸುವುದು) ಹತ್ತು. ಗಡಿಯಾರ ನೋಡಿ. ಮನಸ್ಸಿನಲ್ಲೇ ಎಣಿಸಿದ ಐದು ನಿಮಿಷ ಎರಡೇ ನಿಮಿಷ ಆಗಿರುತ್ತದೆ. ಈ ಹೊತ್ತಲ್ಲಿ ಸುಮ್ನೆ ಕೂರಬೇಕಿಲ್ಲ. ಟಿಟಿ ಯಾವಾಗ ತಗೊಂಡಿದ್ದು ಅಂತ ಕೇಳಿ, ಚೀಟಿ ಬರೆಯಿರಿ, ದಾರ ಆರಿಸಿ.

ಆಮೇಲೆ ಫೋರ್ಸೆಪ್ಸ್ (ಚಿಮುಟ) ತುದಿಯಿಂದ ಅಂಚನ್ನು ಹಿಡಿದು ಕೇಳಿ. ಪ್ರಶ್ನೆ ಸರಿಯಾಗಿರಲಿ. "ಗೊತ್ತಾಗುತ್ತಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಒತ್ತಡ, ಎಳೆತ ಗೊತ್ತಾಗಿಯೇ ಆಗುತ್ತದೆ, ಅದು ಹೋಗುವುದಿಲ್ಲ. "ಚುಚ್ಚಿದ ಹಾಗೆ ಇದೆಯಾ, ಎಳೆದ ಹಾಗಾ?" ಅಂತ ಕೇಳಿ. ಇದನ್ನು ಮೊದಲೇ ಹೇಳಿದರೆ ಅರ್ಧ ಗಲಾಟೆ ಅಲ್ಲೇ ಮುಗಿಯಿತು.

ಗಾಯ ತೊಳೆಯುವುದೂ ಮರಗಟ್ಟಿದ ಮೇಲೆಯೇ. ಮೊದಲೇ ಉಜ್ಜಿ ಅಳಿಸಿ ಆಮೇಲೆ ಲೋಕಲ್ ಕೊಟ್ಟು ಏನು ಉಪಯೋಗ?

ಹಂತ 9: ಹಟ ಮಾಡುವ ಜಾಗಗಳು

ಬೆರಳು. ಬೆರಳಿನ ಬುಡದ ಎರಡೂ ಪಕ್ಕ, ಹಿಂಬದಿಯಿಂದ ಚುಚ್ಚಿ, ಪ್ರತಿ ಪಕ್ಕಕ್ಕೆ 1ರಿಂದ 1.5 ಸಿಸಿ ಸಾದಾ 2 ಪರ್ಸೆಂಟ್ ಬಿಡಿ. ಬಳೆಯ ಹಾಗೆ ಸುತ್ತಲೂ ತುಂಬಬೇಡಿ, ರಕ್ತದ ಓಟಕ್ಕೆ ಅಡ್ಡಿ. ರಕ್ತ ನಿಲ್ಲಿಸಲು ಗ್ಲೌಸಿನ ಬೆರಳನ್ನು ಕತ್ತರಿಸಿ ಸುರುಳಿ ಮಾಡಿ ಹಾಕಿದರೆ ಅದರ ಮೇಲೆ ಒಂದು ಆರ್ಟರಿ ಫೋರ್ಸೆಪ್ಸ್ ಕಚ್ಚಿಸಿಡಿ. ಡ್ರೆಸ್ಸಿಂಗ್ ಒಳಗೆ ಅದನ್ನು ಮರೆತು ಕಳಿಸಿದರೆ ಬೆರಳು ಕಪ್ಪಾಗುತ್ತದೆ. ಅಡ್ರಿನಲಿನ್‌ಗಿಂತ ನಾನು ಹೆದರುವುದು ಈ ರಬ್ಬರಿಗೆ.

ತುಟಿ. ಚುಚ್ಚಿದ ಕೂಡಲೇ ಊದಿಕೊಂಡು ಕೆಂಪು ತುಟಿಯ ಗೆರೆ ಎಲ್ಲಿತ್ತು ಅಂತಲೇ ಗೊತ್ತಾಗುವುದಿಲ್ಲ. ಮೊದಲೇ ಪೆನ್ನಿನಿಂದ ಎರಡೂ ಕಡೆ ಚುಕ್ಕಿ ಇಡಿ, ಮೊದಲ ಹೊಲಿಗೆ ಆ ಚುಕ್ಕಿಗಳನ್ನು ಕೂಡಿಸಲಿ. ಒಂದು ಮಿಲಿಮೀಟರ್ ತಪ್ಪಿದರೂ ಜೀವನಪೂರ್ತಿ ಕಾಣುತ್ತದೆ. ಹುಬ್ಬನ್ನು ಬೋಳಿಸಬೇಡಿ.

ಕೀವು ತುಂಬಿದ ಜಾಗ. ಅಲ್ಲಿ ಮಾಂಸವೇ ಹುಳಿಯಾಗಿರುತ್ತದೆ, ಲಿಗ್ನೋಕೇನ್ ಸರಿಯಾಗಿ ಹಿಡಿಯುವುದಿಲ್ಲ. ಇನ್ನಷ್ಟು, ಇನ್ನಷ್ಟು ಅಂತ ತುಂಬಬೇಡಿ. ಸುತ್ತಲಿನ ಒಳ್ಳೆಯ ಜಾಗಕ್ಕೆ ಕೊಡಿ ಅಥವಾ ನರದ ಬ್ಲಾಕ್ ಕೊಡಿ.

ಮಗು. ತಾಯಿಯ ಮಡಿಲಲ್ಲೇ ಇರಲಿ. ಸೂಜಿ ತೋರಿಸುತ್ತ ಸಿರಿಂಜ್ ತುಂಬಬೇಡಿ. ನಾಲ್ಕು ಜನ ಸೇರಿ ಅದುಮಿ ಹಿಡಿದರಷ್ಟೇ ಆಗುತ್ತದೆ ಅನ್ನುವ ಪರಿಸ್ಥಿತಿ ಬಂದರೆ ಅದು ಲೋಕಲ್ಲಿನ ಕೇಸ್ ಅಲ್ಲ. ನಿದ್ದೆ ಬರಿಸಿ ಮಾಡುವ ಸೌಲಭ್ಯ ಇರುವಲ್ಲಿಗೆ ಕಳಿಸಿ.

ಹಂತ 10: ಅಪಾಯದ ಸೂಚನೆಗಳು

ಬಾಯಿ ಸುತ್ತ ಜುಮ್ಮೆನ್ನುವುದು, ನಾಲಿಗೆಯಲ್ಲಿ ಕಬ್ಬಿಣ ಚೀಪಿದ ರುಚಿ, ಕಿವಿ ಗುಂಯ್ ಅನ್ನುವುದು, ಇದ್ದಕ್ಕಿದ್ದಂತೆ ಗಾಬರಿ ಅಥವಾ ತೊದಲು ಮಾತು. ಇವು ಔಷಧಿ ರಕ್ತಕ್ಕೆ ಹೋದ ಗುರುತು. ಕೂಡಲೇ ಚುಚ್ಚುವುದನ್ನು ನಿಲ್ಲಿಸಿ, ಸಹಾಯಕ್ಕೆ ಕೂಗಿ, ಆಕ್ಸಿಜನ್ ಹಾಕಿ, ಮಾನಿಟರ್ ಹಚ್ಚಿ, ಡ್ರಿಪ್ ದಾರಿ ಮಾಡಿಕೊಳ್ಳಿ. ಮುಂದಿನದು ಸ್ನಾಯು ಅದುರುವುದು, ಫಿಟ್ಸ್, ಆಮೇಲೆ ಹೃದಯದ ಬಡಿತ ತಪ್ಪುವುದು. ಫಿಟ್ಸ್‌ಗೆ ಮಿಡಜೋಲಾಮ್. ಹೃದಯಕ್ಕೆ ಪೆಟ್ಟು ಬೀಳುವಂತಿದ್ದರೆ 20 ಪರ್ಸೆಂಟ್ ಲಿಪಿಡ್ ಎಮಲ್ಷನ್ (ಕೊಬ್ಬಿನ ದ್ರಾವಣ) ಕೇಜಿಗೆ 1.5 ಮಿಲಿ, ಎರಡು ಮೂರು ನಿಮಿಷದಲ್ಲಿ ಡ್ರಿಪ್ ದಾರಿಯಿಂದ ರಕ್ತನಾಳಕ್ಕೆ. 50 ಕೇಜಿಯವರಿಗೆ 75 ಮಿಲಿ. ನಿಮ್ಮ ಆಸ್ಪತ್ರೆಯಲ್ಲಿ ಅದು ಯಾವ ಬೀರುವಿನಲ್ಲಿದೆ, ಬೀಗದ ಕೈ ಯಾರ ಹತ್ತಿರ ಇದೆ, ಇವತ್ತೇ ಕೇಳಿಟ್ಟುಕೊಳ್ಳಿ.

ಬೆವರಿ, ಬಿಳಿಚಿಕೊಂಡು, ನಾಡಿ ನಿಧಾನ ಆಗಿದ್ದರೆ ಅದು ಹೆದರಿಕೆಯ ತಲೆಸುತ್ತು. ಕಾಲು ಎತ್ತಿ ಮಲಗಿಸಿದರೆ ಸರಿಹೋಗುತ್ತದೆ. ದದ್ದು, ಊತ, ಉಬ್ಬಸ ಬಂದರೆ ತಡ ಮಾಡದೆ ತೊಡೆಯ ಸ್ನಾಯುವಿಗೆ ಅಡ್ರಿನಲಿನ್, ದೊಡ್ಡವರಿಗೆ 0.5 ಮಿಗ್ರಾಂ.

ಹಂತ 11: ಮನೆಗೆ ಕಳಿಸುವಾಗ

ಕೊಟ್ಟ ಔಷಧಿ, ಪರ್ಸೆಂಟ್, ಎಷ್ಟು ಸಿಸಿ, ಎಷ್ಟು ಗಂಟೆಗೆ ಅಂತ ಬರೆಯಿರಿ. ಮರಗಟ್ಟಿದ್ದು ಯಾವಾಗ ಬಿಡುತ್ತದೆ ಅಂತ ಹೇಳಿ, ಅದಕ್ಕೆ ಮುಂಚೆಯೇ ಪ್ಯಾರಾಸಿಟಮಾಲ್ ನುಂಗಿಸಿ. ತುಟಿಗೆ ಕೊಟ್ಟಿದ್ದರೆ ಜೋಮು ಬಿಡುವವರೆಗೆ ಬಿಸಿ ಕಾಫಿ ಬೇಡ, ಬೆರಳಾದರೆ ಒಲೆ ಹತ್ತಿರ ಬೇಡ. ಮಾರನೆಯ ದಿನವೂ ಜೋಮು ಬಿಡದಿದ್ದರೆ, ಬೆರಳು ಬೆಳ್ಳಗೆ ಅಥವಾ ಕಪ್ಪಗೆ ಕಂಡರೆ, ಗಾಯ ಕೆಂಪಾಗಿ ಊದಿ ಮಿಡಿಯುತ್ತಿದ್ದರೆ ಡ್ರೆಸ್ಸಿಂಗ್ ದಿನಕ್ಕೆ ಕಾಯದೆ ಬನ್ನಿ ಅಂತ ಹೇಳಿ. ಬೆರಳಿನ ಗಾಯದವರು ಬಾಗಿಲು ದಾಟುವ ಮೊದಲು ಟ್ರೇಯಲ್ಲಿ ಆ ಗ್ಲೌಸಿನ ರಬ್ಬರ್ ಬಿದ್ದಿದೆಯಾ ಅಂತ ಕಣ್ಣಾರೆ ನೋಡಿ.